ಬೆಳ್ಳಿಯಮ್ಮ ಆರಿಸಿದ ವಕೀಲರು

ಎಂಬತ್ನಾಲ್ಕನೇ ಇಸವಿಯಲ್ಲಿ ಮದುಕ್ಕರೈ ರಸ್ತೆಯಲ್ಲಿ ಲಾರಿ ಹೊಡೆದು ಕುಪ್ಪುಸಾಮಿಯ ಕಾಲು ಹೋಯಿತು. ಪರಿಹಾರದ ಕೇಸು ಹಾಕಲೆಂದು ಅವನ ಹೆಂಡತಿ ಬೆಳ್ಳಿಯಮ್ಮ ಕೊಯಮತ್ತೂರಿನಲ್ಲಿ ಮೂವರು ವಕೀಲರ ಮೆಟ್ಟಿಲು ಹತ್ತಿದಳು. ಹಸು ಕೊಳ್ಳುವಾಗ ಹಲ್ಲು, ಸುಳಿ ಎಲ್ಲಾ ನೋಡುವವಳು ಅವಳು; ವಕೀಲರನ್ನು ಸುಮ್ಮನೆ ಬಿಟ್ಟಾಳೆಯೇ? ಇಂಥ ಕೇಸು ಎಷ್ಟು ಗೆದ್ದಿದ್ದೀರಿ, ಕೋರ್ಟಿಗೆ ನೀವೇ ಬರುತ್ತೀರೋ ಗುಮಾಸ್ತನನ್ನು ಕಳಿಸುತ್ತೀರೋ ಎಂದು ತಮಿಳಿನಲ್ಲಿ ಕೆದಕಿ ಕೆದಕಿ ಕೇಳಿದಳು. ಮೊದಲನೆಯವನು ರೇಗಿದ. ಎರಡನೆಯವನು ಗಡಿಯಾರ ನೋಡಿದ. ಮೂರನೆಯವರು ವಯಸ್ಸಾದವರು, ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು. ಇವರೇ ಸರಿ ಎಂದುಕೊಂಡಳು.

ಮರುವಾರ ಹೋದಾಗ ಅವರು ಕೋರ್ಟಿನಲ್ಲಿ ವಿಚಾರಿಸಿಕೊಂಡು ಬಂದಿದ್ದರು. “ನಿಮ್ಮ ಹೆಸರಲ್ಲಿ ಯಾರೋ ಆಗಲೇ ಕೇಸು ಹಾಕಿ, ರಾಜಿ ಮಾಡಿ ಮುಗಿಸಿಬಿಟ್ಟಿದ್ದಾರಮ್ಮ,” ಎಂದರು. “ಯಜಮಾನರ ಹೆಬ್ಬೆಟ್ಟೂ ಇದೆ. ಕಾಗದಕ್ಕೆ ಒತ್ತಿಸಿಕೊಂಡವರು ಯಾರು?”

ಅವಳಿಗೆ ಆಸ್ಪತ್ರೆ ನೆನಪಾಯಿತು. ಅಷ್ಟು ದೊಡ್ಡ ವಾರ್ಡಿನಲ್ಲಿ ಕನ್ನಡದಲ್ಲಿ “ಉಂಡ್ಯಾ, ಅಕ್ಕ?” ಎಂದು ಕೇಳಿದವನು ಆ ಕಾಗದ ತಂದವನೊಬ್ಬನೇ. ಮನೆಯೊಳಗಷ್ಟೇ ಆಡುವ ಮಾತನ್ನು ಹೊರಗೆ ಕೇಳಿ ಅವಳಿಗೆ ಅಳುವೇ ಬಂದಿತ್ತು. ಅವಳ ತವರಿನ ಕುಲ ವಿಚಾರಿಸಿ, ನಾನೂ ಅದೇ ಕುಲ ಎಂದ. ಅಲ್ಲಿಗೆ ತಮ್ಮನಾದ. ಕಾಗದದಲ್ಲೇನಿದೆ ಎಂದು ತಮ್ಮನನ್ನು ಯಾರಾದರೂ ಕೇಳುತ್ತಾರೆಯೇ? ಮಂಪರಿನಲ್ಲಿದ್ದ ಗಂಡನ ಹೆಬ್ಬೆರಳನ್ನು ಹಿಡಿದು ಒತ್ತಿದವಳು ಅವಳೇ.

“ಯಾರಮ್ಮ ಅವನು?” ವಕೀಲರು ಮತ್ತೆ ಕೇಳಿದರು.

ಮೂವರು ವಕೀಲರನ್ನು ಜಾಲಾಡಿದ ಬೆಳ್ಳಿಯಮ್ಮನಿಗೆ ಅವನ ಹೆಸರೂ ಗೊತ್ತಿರಲಿಲ್ಲ.

“ನಮ್ಮವನು,” ಎಂದಳು.