ಚಾಚಿದ ತೋಳು

ಅಂಧೇರಿಯ ನಮ್ಮ ಆಫೀಸಿನಲ್ಲಿ ಒಂದು ಪದ್ಧತಿಯಿತ್ತು. ವಿಮಾನದ ರೆಕ್ಕೆ ಗಾಳಿಗೆ ಎಷ್ಟು ಬಾಗುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದವರು, ಮಾದರಿ ರೆಕ್ಕೆಗೆ ಗಾಳಿ ಬೀಸಿ ಪರೀಕ್ಷಿಸುವ ಗಾಳಿಸುರಂಗದ ಅಳತೆ ನೋಡುವ ಮೊದಲು ಎದ್ದು ನಿಂತು, ತೋಳು ಚಾಚಿ ಆ ಬಾಗನ್ನು ತೋರಿಸಬೇಕು. ಅಳತೆ ಯಾವಾಗಲೂ ನನ್ನ ತೋಳಿಗಿಂತ ಮೇಲೆಯೇ. ನಾನು ಸುರಂಗದವರನ್ನು ಬೈಯುತ್ತಿದ್ದೆ. ಒಮ್ಮೆ ಉಡುಪಿ ಕಡೆಯ ಹಿರಿಯ ಸಹೋದ್ಯೋಗಿ ನನ್ನ ಭುಜ ಅಲ್ಲಾಡಿಸಿ, "ನಿನ್ನ ಲೆಕ್ಕದಲ್ಲಿ ಬುಡ ಅಲ್ಲಾಡುವುದೇ ಇಲ್ಲ ಮಾರಾಯಾ. ಸುರಂಗದಲ್ಲಿ ರೆಕ್ಕೆ ಹಿಡಿದ ಕಬ್ಬಿಣವೂ ಸ್ವಲ್ಪ ಬಗ್ಗುತ್ತದೆ" ಎಂದರು. ಅದನ್ನೂ ಸೇರಿಸಿದ ಮೇಲೆ ಅಳತೆ ನನ್ನ ತೋಳಿಗೆ ಸರಿಯಾಗಿ ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಈಗ ಎಲ್ಲರೂ ಮನೆಯಿಂದಲೇ ಲೆಕ್ಕ ಕಳಿಸುತ್ತಾರೆ. ಮೊನ್ನೆ ವಿಮಾನದ ಕಿಟಕಿಯಲ್ಲಿ ರೆಕ್ಕೆ ಬಾಗಿದ್ದು ಕಂಡು ನನ್ನ ತೋಳು ತಾನಾಗಿಯೇ ಮೇಲೆದ್ದಿತು. ಗಗನಸಖಿ ಓಡಿಬಂದು, "ಕ್ಯಾ ಚಾಹಿಯೇ, ಸರ್?" ಎಂದಳು.

ಏನು ಬೇಕೆಂದು ಹೇಳಲಿ?