ಬಿಗಿಯದೆ ಉಳಿಸಿದ ಬೋಲ್ಟು

ಸತ್ತವರು ಬಂದು ಹೋದರು, ಕಂಡರು, ಮಾತಾಡಿದರು ಎನ್ನುವ ಕಥೆಗಳೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನೆಂಟರಲ್ಲಿ ಯಾರಾದರೂ ಅಂಥದ್ದನ್ನು ಶುರು ಮಾಡಿದರೆ ಕಾಫಿ ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ. ಕಂಡದ್ದು, ಕೇಳಿದ್ದು ಇಷ್ಟೇ. ಅದಕ್ಕೆ ಬಣ್ಣ ಹಚ್ಚುವ ಮನಸ್ಸು ನನಗಿಲ್ಲ.

ನಾನು ಮೈಸೂರಿನ ರಾಮಕೃಷ್ಣನಗರದಲ್ಲಿ ಮನೆಗಳ ಒಳಾಂಗಣ ವಿನ್ಯಾಸ ಮಾಡುವವಳು. ನಕ್ಷೆ, ಬಣ್ಣ, ಗಿರಾಕಿಗಳ ಜೊತೆಗಿನ ಮಾತು ನನ್ನದು. ಮರದ ಕೆಲಸವೆಲ್ಲ ನನ್ನ ತಮ್ಮ ನಟರಾಜನದು. ಅವ್ವ, ನಾನು, ಅವನು ಒಂದೇ ಮನೆಯಲ್ಲಿದ್ದೆವು. ಮದುವೆ ಮಾಡಿಕೊಳ್ಳೋ ಎಂದರೆ ತಲೆಯಲ್ಲಿದ್ದ ಮರದ ಪುಡಿ ಕೊಡವಿ ನಕ್ಕುಬಿಡುತ್ತಿದ್ದ.

ನಟರಾಜನದೊಂದು ಪದ್ಧತಿಯಿತ್ತು. ಗಿರಾಕಿಯ ಮನೆಯಲ್ಲಿ ಮಂಚವನ್ನೋ ಮೇಜನ್ನೋ ಜೋಡಿಸುವಾಗ ಒಂದು ಬೋಲ್ಟನ್ನು ಪೂರ್ತಿ ಬಿಗಿಯದೆ ಬಿಡುತ್ತಿದ್ದ. ಕೊನೆಗೆ ಮನೆಯೊಡತಿಯನ್ನು ಕರೆದು, ಸ್ಪ್ಯಾನರನ್ನು ಅವರ ಕೈಗೆ ಕೊಟ್ಟು, ಅವರಿಂದಲೇ ಬಿಗಿಸುತ್ತಿದ್ದ. ಆಮೇಲೆ, "ನಂದು ಮುಗೀತು ಕಣವ್ವ, ಇನ್ಮೇಲೆ ಇದು ನಿಮ್ದು" ಅನ್ನುವನು. ಮನೆಯೊಡತಿ ಪ್ರೊಫೆಸರಾಗಲಿ, ಅವನಿಗಿಂತ ಚಿಕ್ಕವಳಾಗಲಿ, ಅವನಿಗೆ ಅವ್ವನೇ. ಇದು ಯಾವ ಶಾಸ್ತ್ರವೂ ಅಲ್ಲ, ಯಾರೂ ಹೇಳಿಕೊಟ್ಟದ್ದಲ್ಲ. ನಾಟಕ ಸಾಕು, ಹೊತ್ತಾಯ್ತು ಎಂದು ನಾನು ರೇಗಿಸುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ನಮಗೆ ಮಸ್ಕತ್ತಿನ ಒಂದು ಮನೆಯ ಕೆಲಸ ಸಿಕ್ಕಿತು. ಮನೆ ಸುಧಾ ಎಂಬ ಡಾಕ್ಟರದು. ಜಯಲಕ್ಷ್ಮಿಪುರಂನಲ್ಲಿ ಬೆಳೆದವರು, ಮರದ ಸಾಮಾನೆಲ್ಲ ಮೈಸೂರಿನಲ್ಲೇ ಆಗಬೇಕೆಂದು ಹಠ ಹಿಡಿದಿದ್ದರು. ಹಾಲಿಗೆ ಒರಗು ಹಲಗೆಯ ತೇಗದ ತೂಗುಮಂಚ ಕೇಳಿದರು. ಆ ಹಾಲಿನ ಬಾಲ್ಕನಿಯ ಎದುರಿಗೇ ಸಮುದ್ರ. ಅವರು ಕಳಿಸಿದ ಫೋಟೋವನ್ನು ನಟರಾಜ ಎಷ್ಟೋ ಹೊತ್ತು ನೋಡಿದ. ಅವನು ಅದುವರೆಗೆ ಸಮುದ್ರ ಕಂಡವನಲ್ಲ. ಕಡಲು ನೋಡಲು ಹೊರಟಿದ್ದ ಶಾಲೆಯ ಪ್ರವಾಸದ ಹಿಂದಿನ ದಿನ ಮೈಮೇಲೆ ಸಿಡುಬಿನ ಅಮ್ಮ ಎದ್ದು ಮನೆಯಲ್ಲೇ ಉಳಿದ; ಆಮೇಲೆ ಪ್ರತಿ ಸಲವೂ ಯಾವುದೋ ಒಂದು ಕೆಲಸ ಅಡ್ಡ ಬಂತು. ತೂಗುಮಂಚದ ವಿಷಯಕ್ಕೆ ನಮ್ಮಿಬ್ಬರಿಗೆ ಜಗಳವೂ ಆಯಿತು. ನಕ್ಷೆಯಲ್ಲಿ ನಾನು ಅದನ್ನು ಟಿವಿಯ ಕಡೆಗೆ ಮುಖ ಮಾಡಿಸಿದ್ದೆ. "ಎದುರುಗಡೆ ಸಮುದ್ರ ಮಡೀಕೊಂಡು ಟಿವಿ ನೋಡಾರಾ ಅಕ್ಕ?" ಎಂದ. ಡಾಕ್ಟರಿಗೆ ಬೇಕಾದದ್ದು ಹಾಗೆ ಎಂದು ಅವನ ಬಾಯಿ ಮುಚ್ಚಿಸಿದೆ.

ಸಾಮಾನನ್ನೆಲ್ಲ ಇಲ್ಲೇ ಒಮ್ಮೆ ಜೋಡಿಸಿ ನೋಡಿ, ಸಂದುಸಂದಿಗೂ ಗುರುತು ಹಾಕಿ, ಬಿಚ್ಚಿ ಪೆಟ್ಟಿಗೆಗೆ ತುಂಬಿ ಹಡಗಿಗೆ ಕಳಿಸಿದ. ಅಲ್ಲಿಗೆ ಹೋಗಿ ಮತ್ತೆ ಜೋಡಿಸಬೇಕಾದವನೂ ಅವನೇ. ಜೀವನದಲ್ಲೇ ಮೊದಲ ಪಾಸ್‌ಪೋರ್ಟು, ಚಕ್ರವಿರುವ ನೀಲಿ ಸೂಟ್‌ಕೇಸು. ಅದನ್ನು ಹಾಲಿನ ತುಂಬ ಎಳೆದಾಡಿ ಅವ್ವನನ್ನು ನಗಿಸಿದ. ಪೆಟ್ಟಿಗೆಗಳು ಇನ್ನೂ ದಾರಿಯಲ್ಲಿದ್ದಾಗ, ಒಂದು ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲ.

ಅವ್ವ ಅಳಲಿಲ್ಲ. ಮಣ್ಣು ಮಾಡಿ ಬಂದ ದಿನವೂ ಇಲ್ಲ, ಆಮೇಲೂ ಇಲ್ಲ. ಹೊತ್ತಿಗೆ ಸರಿಯಾಗಿ ಉಣ್ಣದೆ, ಮಾತಾಡದೆ, ಆ ಸೂಟ್‌ಕೇಸಿನ ಪಕ್ಕ ಕೂತುಬಿಡುತ್ತಿದ್ದಳು. ಬಾಯಿ ಬಿಟ್ಟರೆ ಒಂದೇ ಮಾತು: "ನನ್ ಮಗ ಸಮುದ್ರ ನೋಡ್ದೇನೇ ಹೋಗ್ಬುಟ್ಟ." ಇವಳನ್ನೂ ಕಳೆದುಕೊಳ್ಳುತ್ತೇನೆ ಎಂಬ ಹೆದರಿಕೆ ನನಗೆ ಹತ್ತಿಕೊಂಡಿತು.

ಕೆಲಸ ನಿಲ್ಲಿಸುವಂತಿರಲಿಲ್ಲ. ಜೋಡಿಸುವುದನ್ನು ಮಸ್ಕತ್ತಿನದೇ ಒಂದು ತಂಡಕ್ಕೆ ವಹಿಸಿದೆ. ಅದರ ಮೇಸ್ತ್ರಿ ರಫೀಕ್, ಮಂಗಳೂರು ಕಡೆಯವರು. ನಾನು ಇಲ್ಲಿಂದ ವಿಡಿಯೋ ಕರೆಯಲ್ಲಿ ನೋಡುತ್ತಾ ಹೇಳುವುದೆಂದಾಯಿತು. ನಟರಾಜ ತೀರಿಕೊಂಡದ್ದನ್ನು ಸುಧಾ ಅವರಿಗೆ ತಿಳಿಸಿದ್ದೆ. ರಫೀಕರಿಗೆ ನನಗೊಬ್ಬ ತಮ್ಮನಿದ್ದ ಎಂಬುದೇ ಗೊತ್ತಿರಲಿಲ್ಲ.

ಆ ದಿನ ಅವ್ವ ತಾನಾಗಿ ನನ್ನ ಆಫೀಸಿಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತಳು. ಮಗನ ಕೊನೆಯ ಕೆಲಸ ನೋಡಬೇಕಂತೆ. ಊಟದ ಹೊತ್ತಿಗೆ ಕರೆ ಬಂತು. ತೂಗುಮಂಚವನ್ನು ಆಗಲೇ ನೇತುಹಾಕಿದ್ದರು, ಸಮುದ್ರದ ಕಡೆಗೆ ಮುಖ ಮಾಡಿಸಿ. ನನಗೆ ಸಿಟ್ಟು ಬಂತು. ನಕ್ಷೆ ನೋಡಲಿಲ್ಲವೇ ಎಂದೆ.

"ನಿಮ್ಮ ಮೈಸೂರಿನವ್ರು ಬಂದು ಹೇಳಿದ್ದಲ್ವಾ ಮೇಡಂ, ಹೀಗೇ ಇರ್ಲಿ ಅಂತ" ಎಂದರು ರಫೀಕ್.

ನಾನು ಯಾರನ್ನೂ ಕಳಿಸಿರಲಿಲ್ಲ. ಯಾರು, ಹೇಗಿದ್ದರು ಎಂದು ಕೇಳಿದೆ. ಪೆಟ್ಟಿಗೆ ಬಿಚ್ಚುವಾಗಲೇ ಬಂದರಂತೆ. ಕಿವಿಯಲ್ಲಿ ಪೆನ್ಸಿಲು, ಗೆರೆ ಅಂಗಿ. ಯಾವ ಬಡಗಿ ಕಿವಿಗೆ ಪೆನ್ಸಿಲು ಸಿಕ್ಕಿಸುವುದಿಲ್ಲ ಹೇಳಿ! ಚಹಾ ಕೊಟ್ಟರೆ ಬೇಡವೆಂದು, ಕೆಲಸ ತೋರಿಸಿ, ಬಾಲ್ಕನಿಗೆ ಹೋದರಂತೆ. "ತುಂಬಾ ಹೊತ್ತು ಸಮುದ್ರ ನೋಡ್ತಾ ನಿಂತಿದ್ರು ಮಾರಾಯ್ರೆ. ನಾವು ಸೋಫಾ ಒಳಗೆ ತಂದು ನೋಡುವಾಗ ಇಲ್ಲ."

ಯಾರೋ ಎಡವಟ್ಟು ಮಾಡಿದ್ದಾರೆ, ಅಕ್ಕಪಕ್ಕದ ಇನ್ಯಾವುದೋ ಮನೆಯ ಕೆಲಸಗಾರ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಸುಧಾ ಆಸ್ಪತ್ರೆಯಿಂದ ಬಂದರು. ರಫೀಕ್ ಫೋನನ್ನು ಜೊತೆಯವರ ಕೈಗೆ ಕೊಟ್ಟು, ಒಂದು ಸ್ಪ್ಯಾನರು ತಂದು ಡಾಕ್ಟರ ಮುಂದೆ ಹಿಡಿದರು. ತೂಗುಮಂಚದ ಮೂಲೆಯ ಬೋಲ್ಟನ್ನು ಅವರಿಗೆಂದೇ ಉಳಿಸಿದ್ದಾರಂತೆ. ಸುಧಾ ನಗುತ್ತಾ ಬಗ್ಗಿ ಬಿಗಿದರು. ರಫೀಕ್ ಸ್ವಲ್ಪ ನಾಚಿಕೊಂಡೇ ಹೇಳಿದರು, "ಹೀಗೆ ಹೇಳ್ಬೇಕಂತೆ ಡಾಕ್ಟ್ರೆ. ನಂದು ಮುಗೀತು ಕಣವ್ವ, ಇನ್ಮೇಲೆ ಇದು ನಿಮ್ದು."

ಕಡಲ ಕಡೆಯವರ ಬಾಯಲ್ಲಿ 'ಕಣವ್ವ' ಬರುವುದಿಲ್ಲ. ಏನೋ ಒಂದು ಹೇಳಿ ಕರೆ ಮುಗಿಸಿದೆ. ಹಿಂದೆ ತಿರುಗಲು ಧೈರ್ಯವಾಗಲಿಲ್ಲ.

"ಎಷ್ಟೊತ್ತು ನಿಂತಿದ್ನಂತೆ?" ಎಂದಳು ಅವ್ವ.

ಅವಳೂ ಕೇಳಿಸಿಕೊಂಡಿದ್ದಳು, ಆದರೂ ಕೇಳಿದಳು.

"ತುಂಬಾ ಹೊತ್ತಂತೆ ಅವ್ವ."

ಅವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ನಾನೂ ಅವಳ ಕಾಲ ಬಳಿ ಕೂತು ಅತ್ತೆ. ಅವತ್ತು ಸಂಜೆ ಅವಳೇ ತಟ್ಟೆ ಹಾಕಿಕೊಂಡು ಮುದ್ದೆ ಉಂಡಳು.

ಆಮೇಲೆ ನಾನು ವಿಚಾರಿಸದೆ ಬಿಡಲಿಲ್ಲ. ಆ ತಂಡದ ಕಂಪನಿಯವರು ಬೇರೆ ಯಾರನ್ನೂ ಕಳಿಸಿರಲಿಲ್ಲ. ಕಟ್ಟಡದ ಕಾವಲಿನವರಿಗೆ ನೆನಪಿರಲಿಲ್ಲ. ಬೋಲ್ಟಿನ ವಿಷಯ ಸುಧಾ ಅವರಿಗೆ ಅವತ್ತೇ ಮೊದಲು ಗೊತ್ತಾದದ್ದು. ಕೊನೆಗೆ ನಟರಾಜನ ಒಂದು ಫೋಟೋ ಆರಿಸಿ, ಇವರೇನಾ ಎಂದು ರಫೀಕರಿಗೆ ಕಳಿಸಲು ಹೊರಟೆ. ಅವ್ವ ನನ್ನ ಕೈ ಹಿಡಿದಳು. "ಕೇಳ್ಬ್ಯಾಡ ಬುಡು" ಎಂದಳು.

ಫೋಟೋ ಇನ್ನೂ ಫೋನಿನಲ್ಲಿದೆ, ರಫೀಕರ ನಂಬರೂ ಇದೆ. ಅವರು ಅಲ್ಲವೆಂದುಬಿಟ್ಟರೆ ಅವ್ವನ ಮುಖ ಹೇಗೆ ನೋಡಲಿ? ಹೌದೆಂದರೂ ಏನು ಮಾಡಬೇಕೋ ನನಗೆ ತಿಳಿಯದು. ಈಗ ನೆಂಟರು ಬಂದಾಗ ಅವ್ವ, "ನನ್ ಮಗ ಸಮುದ್ರ ನೋಡವ್ನೆ" ಎಂದು ಶುರು ಮಾಡುತ್ತಾಳೆ. ನಾನು ಹೌದು ಅನ್ನುವುದಿಲ್ಲ, ಅಲ್ಲವೆಂದೂ ಅನ್ನುವುದಿಲ್ಲ. ಲೋಟ ತೊಳೆಯಲು ಮಾತ್ರ ಏಳುವುದಿಲ್ಲ. ಮುಗಿಯುವ ತನಕ ಅವಳ ಪಕ್ಕದಲ್ಲಿ ಕೂತಿರುತ್ತೇನೆ.