ಮಿಸ್ ಆರ್ಜೇಲಿಯಾಳ ಕತ್ತರಿ

ಆರ್ಜೇಲಿಯಾಳ ಹೆಸರು ಲುವೀನಿಯಾಳ ಕಿವಿಗೆ ಮೊದಲು ಬಿದ್ದದ್ದು ಅವಳು ತನ್ನ ಗಂಡನನ್ನು ಮಣ್ಣು ಮಾಡಿದ ಮೇಲಿನ ಮೂರನೆಯ ಭಾನುವಾರ, ಚರ್ಚಿನ ಮೆಟ್ಟಿಲ ಮೇಲೆ. ಬೆತ್ಸೈದಾ ಕಾಲೇಜಿನಲ್ಲಿ ಬಟ್ಟೆ ಒಗೆಯಲು ಆಳು ಬೇಕಂತೆ ಎಂದು ಸಿಸ್ಟರ್ ಹ್ಯಾಟೀ ಸುದ್ದಿ ತಂದಿದ್ದಳು.

"ಹೋಗು, ಆದ್ರೆ ಹುಷಾರು. ಅಲ್ಲಿ ಒಗೆಯೋ ಮನೇಲಿ ಯಜಮಾನಿಕೆ ಆರ್ಜೇಲಿಯಾಳದು. ಆಕೆ ಕೊರಳಲ್ಲಿ ಕತ್ತರಿ ನೇತಾಡುತ್ತೆ. ನಾಲಿಗೆ ಅದಕ್ಕಿಂತ ಚೂಪು."

ಹೋಗಿ ನೋಡಿದರೆ ಮಾತು ಸುಳ್ಳಲ್ಲ. ಗಂಜಿಯ ಹಬೆಯೊಳಗೆ ಕಡ್ಡಿಯಂಥ ಹೆಂಗಸು, ಒಲೆಯ ಮೇಲೆ ಕಾಯುತ್ತಿದ್ದ ಆರು ಇಸ್ತ್ರಿಗಳು.

"ಗಂಜಿ ಹಾಕೋಕೆ ಬರುತ್ತಾ?"

"ಬರುತ್ತೆ, ಮಿಸ್ ಆರ್ಜೇಲಿಯಾ."

"ಎಲ್ರೂ ಹಂಗೇ ಅಂತಾರೆ. ಆಮೇಲೆ ಕಾಲರು ಹಲಗೆ ಆಗಿರುತ್ತೆ."

ಅಲಬಾಮದ ಆ ಸೀಮೆಯಲ್ಲಿ ಕಪ್ಪು ಜನರ ಮಕ್ಕಳಿಗೆ ತೆರೆದಿದ್ದ ಕಾಲೇಜು ಅದೊಂದೇ. ಅದರ ಇಟ್ಟಿಗೆಗಳನ್ನೂ ಮೊದಲು ಓದಲು ಬಂದ ಮಕ್ಕಳೇ ಸುಟ್ಟಿದ್ದರು. ವರ್ಷಕ್ಕೊಮ್ಮೆ, ಸ್ಥಾಪಕರ ದಿನ, ಹುಡುಗಿಯರೆಲ್ಲ ಬಿಳಿ ಉಡುಪು ತೊಟ್ಟು ಮುಂದಿನ ಗೇಟಿನಿಂದ ಪ್ರಾರ್ಥನಾ ಮಂದಿರದವರೆಗೆ ಸಾಲಾಗಿ ನಡೆಯಬೇಕು. ಲೇಸು, ರಿಬ್ಬನ್ನು, ಹೊಳೆಯುವ ಗುಂಡಿ ಏನೂ ಕೂಡದು. ಇದ್ದರೆ ಆರ್ಜೇಲಿಯಾ ಕೇಳದೆಯೇ ಕತ್ತರಿಸಿ ಹಾಕುತ್ತಿದ್ದಳು. ಒಮ್ಮೆ ಮಗಳ ಲೇಸು ಹೋಯಿತೆಂದು ಡಾಕ್ಟರರ ಹೆಂಡತಿ ಕಾರಿನಲ್ಲೇ ಬಂದು ಕೂಗಾಡಿದ್ದಳು, "ಅದು ಚಿಕಾಗೋದಿಂದ ತರಿಸಿದ ಲೇಸು!"

"ಹಂಗಾದ್ರೆ ಚಿಕಾಗೋದಲ್ಲೇ ಹಾಕ್ಕೊಳ್ಲಿ, ಮೇಡಮ್. ಇಲ್ಲಿ ಯಾರ ಮಗಳು ಅಂತ ಬಟ್ಟೆ ಹೇಳಬಾರ್ದು."

ಲುವೀನಿಯಾ ಬಂದ ಎರಡನೆಯ ವರ್ಷ, ನಡಿಗೆಯ ಹಿಂದಿನ ದಿನ, ಒಂದು ಉಡುಪಿನ ಅಂಚಿನಲ್ಲಿ ನಾಲ್ಕು ಬೆರಳು ಅಗಲದ ಲೇಸು ಸಿಕ್ಕಿತು. ಜೇಡರ ಬಲೆಯಷ್ಟು ನಯ. "ಇನ್ನೊಬ್ಬಳು ರಾಣಿ ಬಂದ್ಲು" ಎನ್ನುತ್ತ ಆರ್ಜೇಲಿಯಾ ಅದನ್ನು ಕತ್ತರಿಸಿ ಚಿಂದಿಬುಟ್ಟಿಗೆ ಎಸೆದಳು.

ಮಧ್ಯಾಹ್ನ ಉಡುಪು ಒಯ್ಯಲು ಬಂದವಳು ಓಸೀ ಮೇ. ಹತ್ತಿಹೊಲದ ಕೂಲಿಯ ಮಗಳು, ಊಟದ ಮನೆಯಲ್ಲಿ ತಟ್ಟೆ ತೊಳೆದು ಓದುತ್ತಿದ್ದವಳು. ಅಂಚನ್ನು ಮುಟ್ಟಿ ನೋಡಿದಳು. ಅಳಲಿಲ್ಲ.

"ಅದು ನಮ್ಮಮ್ಮ ಸಾಯೋ ಮುಂಚೆ ಹೆಣೆದಿದ್ದು. ಹಿಟ್ಟಿನ ಚೀಲದ ಹೊಲಿಗೆ ದಾರ ಬಿಚ್ಚಿ ಬಿಚ್ಚಿ ಕೂಡಿಟ್ಟು. ನಾಳೆ ನಾನು ನಡೆಯಲ್ಲ ಮಿಸ್ ಆರ್ಜೇಲಿಯಾ. ಬೆಳಗಿನ ಬಸ್ಸಿಗೆ ಊರಿಗೆ ಹೋಗ್ತೀನಿ."

ಹುಡುಗಿ ಹೋದ ಮೇಲೆ ಆರ್ಜೇಲಿಯಾ ಕುಳಿತಳು. ಆಕೆ ಕೆಲಸದ ಹೊತ್ತಿನಲ್ಲಿ ಕುಳಿತದ್ದನ್ನು ಲುವೀನಿಯಾ ಅದೇ ಮೊದಲು ನೋಡಿದ್ದು.

"ನಾನೂ ಒಗೆಯೋಕೆ ಬಂದವಳಲ್ಲ ಕಣೇ. ಓದೋಕೆ ಬಂದವಳು. ಹಿಟ್ಟಿನ ಚೀಲದಲ್ಲೇ ನನ್ನ ಬಿಳಿ ಉಡುಪು ಹೊಲ್ಸಿದ್ರು. ಎಷ್ಟು ತಿಕ್ಕಿದ್ರೂ ಚೀಲದ ಮೇಲೆ ಅಚ್ಚಾಗಿದ್ದ ಗಿರಣಿ ಹೆಸರು ಬೆನ್ನ ಮೇಲಿಂದ ಹೋಗಲಿಲ್ಲ. ಸಾಲಲ್ಲಿ ನನ್ನ ಹಿಂದೆ ನಿಂತಿದ್ದ ಲೇಸಿನವಳು ಅದನ್ನ ಜೋರಾಗಿ ಓದಿ ನಕ್ಕಳು. ಸಾಲು ಬಿಟ್ಟು ಓಡಿಬಂದು ಈ ಒಗೆಯೋ ಮನೆ ಹೊಕ್ಕೆ. ನಲವತ್ತು ವರ್ಷ ಆಯ್ತು." ಕತ್ತರಿಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟಳು. "ಆ ಮಗು ಬಸ್ ಹತ್ತಿದ್ರೆ, ನಕ್ಕವಳಿಗೂ ನನಗೂ ಏನು ವ್ಯತ್ಯಾಸ?"

ಇಬ್ಬರೂ ಬುಟ್ಟಿ ಸುರಿದು ಲೇಸನ್ನು ಹುಡುಕಿ ತೊಳೆದರು, ತೆಳುವಾಗಿ ಗಂಜಿ ಕೊಟ್ಟು ಇಸ್ತ್ರಿ ಮಾಡಿದರು. ಆರ್ಜೇಲಿಯಾ ಅದನ್ನು ಅಂಚಿನ ಒಳಮಗ್ಗುಲಿಗೆ ಹೊಲಿದಳು. ಹೊರಗಿಂದ ನೋಡಿದರೆ ಎಲ್ಲರ ಉಡುಪಿನಂತೆ ಸಾದಾ. ಹುಲ್ಲುಹಾಸು ದಾಟಿ ಹುಡುಗಿಯರ ವಸತಿಗೆ ತಾನೇ ಒಯ್ದಳು. ಲುವೀನಿಯಾ ಹಿಂದೆ ಹೋದಳು.

"ಕಂದಾ, ನನ್ನಿಂದ ತಪ್ಪಾಯ್ತು."

ಓಸೀ ಮೇ ಅಂಚು ಮಗುಚಿ ನೋಡಿದಳು. "ಯಾರಿಗೂ ಕಾಣಲ್ವಲ್ಲ."

"ಕಾಣದಿದ್ರೆ ಬಿಡು. ನಿನ್ನ ಕಾಲಿಗೆ ತಾಗುತ್ತಲ್ಲ. ನಾಳೆ ನಡಿ. ಇಲ್ಲಾಂದ್ರೆ ನನ್ನ ಜೊತೆ ಇಸ್ತ್ರಿ ಹಿಡೀಬೇಕಾಗುತ್ತೆ. ನನಗೆ ಈ ಲುವೀನಿಯಾ ಒಬ್ಬಳ ಕಾಟವೇ ಸಾಕಾಗಿದೆ."

ಹುಡುಗಿ ನಕ್ಕಳು. ಮರುದಿನ ನಡೆದಳು. ಮುಂದಿನ ವರ್ಷದಿಂದ ಹುಡುಗಿಯರು ತಾವಾಗಿಯೇ ಅಪ್ಪನ ಅಂಗಿಯ ಚೂರು, ಅಜ್ಜಿಯ ಕೌದಿಯ ತುಂಡು ಹಿಡಿದು ಬರತೊಡಗಿದರು. ಒಳಗೆ ಹೊಲಿಯುವುದು ಲುವೀನಿಯಾಳ ಪಾಲಿಗೆ ಬಂತು. ಹೊರಗಿನ ಲೇಸಿಗೆ ಕತ್ತರಿ ಮಾತ್ರ ತಪ್ಪಲಿಲ್ಲ.

ಆರ್ಜೇಲಿಯಾ ಹಾಸಿಗೆ ಹಿಡಿದ ಕೊನೆಗಾಲದಲ್ಲಿ ಲುವೀನಿಯಾ ದಿನವೂ ಕೋಳಿಸಾರು ಒಯ್ಯುತ್ತಿದ್ದಳು. ಒಂದು ದಿನ ಆಕೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ನನ್ನನ್ನ ಬಿಳಿ ಉಡುಪಲ್ಲಿ ಕಳಿಸು. ಸಾದಾದು. ಮುಂದಿನ ಗೇಟಿನಿಂದಲೇ ಮಂದಿರಕ್ಕೆ ಒಯ್ಯಲಿ."

"ಆಗ್ಲಿ ಮಿಸ್ ಆರ್ಜೇಲಿಯಾ. ಒಳಗಡೆ ಏನು ಹೊಲೀಲಿ?"

ಆಕೆ ಕೆಳಗೆ ಬೆರಳು ತೋರಿಸಿದಳು.

"ಮಂಚದ ಕೆಳಗೆ ಪೆಟ್ಟಿಗೇಲಿ ಆ ಹಿಟ್ಟಿನ ಚೀಲದ ಉಡುಪು ಇದೆ. ಬೆನ್ನಿನ ತುಂಡು ಕತ್ತರಿಸಿ ಹೊಲಿ. ಆ ಅಕ್ಷರ ನನ್ನ ಮೈ ಕಡೆಗಿರ್ಲಿ."